ಜಪಾನಿನವರ ‘ಹಾಯ್’

ಇವತ್ತು ನಮ್ಮ ರೇಷ್ಮೆ ಊರು ವಿಜಯಪುರದಲ್ಲಿ ಬಸ್ಸಿಳಿದೊಡನೆ ಬೆಂದ ರೇಷ್ಮೆಗೂಡಿನ ವಾಸನೆ ಬಂತು ಮಕ್ಕಳೇ, ಅಮ್ಮಿ ನೆನಪಾದರು.

ನನ್ನ ಚಿಕ್ಕಂದಿನಲ್ಲಿ ಅಲ್ಲಿ ನೂಲು ತೆಗೆಯುವ ಹೊಸ ಕಾರ್ಖಾನೆಗೆ ಕೆಲಸದವರನ್ನು ಆರಿಸಲು ಜಪಾನಿನವರೊಬ್ಬರು ಬಂದಿದ್ದರು. ನಮ್ಮ ಅಬ್ಬಾ ಹಾಸಿಗೆ ಹಿಡಿದಿದ್ದರಿಂದ ಅಮ್ಮಿಗೆ ಆ ಕೆಲಸ ಸಿಗಲೇಬೇಕಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಬಿಸಿನೀರಿನ ಗೂಡುಗಳಿಂದ ಅಮ್ಮಿ ತೆಗೆದ ಎಳೆಯನ್ನು ಆತ ಬೆಳಕಿಗೆ ಹಿಡಿದು ನೋಡಿದರು. ಜೊತೆಗಿದ್ದ ದುಭಾಷಿ ಅವರನ್ನು ಜಪಾನಿಯಲ್ಲಿ ಏನೋ ಕೇಳಿದರು.

“ಹಾಯ್,” ಎಂದರು ಆತ. “ಹಾಯ್, ಹಾಯ್.”

ನಮ್ಮ ಮನೆಯಲ್ಲಿ ಸಾವಾದಾಗ ಮಾತ್ರ ಹೆಂಗಸರು ಹಾಗೆಂದು ಅಳುತ್ತಿದ್ದರು. ಬಿಸಿನೀರಿನಲ್ಲೇ ಅಮ್ಮಿಯ ಬೆರಳುಗಳು ನಿಂತುಹೋದವು.

“ನೂಲು ಕೆಟ್ಟೋಯ್ತಾ ಸಾಬ್?”

ದುಭಾಷಿ ನಕ್ಕರು. “ಇಲ್ಲಮ್ಮಾ. ನಿಮ್ಮನ್ನ ತಗೊಳ್ಳೋದಾ ಅಂತ ಕೇಳ್ದೆ. ಅವ್ರ ಭಾಷೇಲಿ ಹಾಯ್ ಅಂದ್ರೆ ಹೌದು.”

“ಹಂಗಾದ್ರೆ ಇನ್ನೊಂದ್ಸಲ ಅನ್ನೋಕೆ ಹೇಳಿ,” ಎಂದರು ಅಮ್ಮಿ.

ಆತ ಅಂದರು. ಆ ಒಂದು ಮಾತಿನ ಅನ್ನ ತಿಂದೇ ನಾವು ಐವರು ಒಡಹುಟ್ಟಿದವರೂ ಬೆಳೆದೆವು, ನಿಮಗೂ ಗೊತ್ತಿರಲಿ.