ಗೋಡೆಗೆ ಉಡಿಸಿದ ಇಳಕಲ್ ಸೀರೆ

ಹೋದ ಬುಧವಾರ ಮಟಮಟ ಮಧ್ಯಾಹ್ನ ನಾನು ಮುಂಬಯಿಯ ಜೋಗೇಶ್ವರಿಯಲ್ಲಿ ಒಂದು ಮನೆಯ ಹಿತ್ತಲಲ್ಲಿ ನಿಂತು, ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳ ಸೀರೆಗೆ ಕೈ ಹಾಕಿದೆ.

ಗಾಬರಿಯಾಗಬೇಡಿ. ಸೀರೆ ಹಗ್ಗದ ಮೇಲಿತ್ತು. ಆದರೂ ಆ ಗಳಿಗೆಯಲ್ಲಿ ಯಾರಾದರೂ ‘ಚೋರ್’ ಎಂದು ಕೂಗಿದ್ದರೆ ಈ ವಾರ ನಿಮಗೆ ಓದಲು ಅಂಕಣ ಇರುತ್ತಿರಲಿಲ್ಲ, ನನಗೆ ಬರೆಯಲು ಕೈಯೂ ಇರುತ್ತಿರಲಿಲ್ಲ.

ನನ್ನ ಹೊಟ್ಟೆಪಾಡು ನಿಮಗೆ ಗೊತ್ತೇ ಇದೆ. ಕೋಟೆ ಭಾಗದ ಒಂದು ಆಫೀಸಿನಲ್ಲಿ ಮನೆಗಳ ಬೆಲೆ ಕಟ್ಟುವ ಕೆಲಸ. ಸಾಮಾನ್ಯವಾಗಿ ಮನೆಯೊಳಗೆ ಹೋಗಿ ಟೇಪು ಹಿಡಿದು, ಗೋಡೆ ಬಡಿದು, ನಲ್ಲಿ ತಿರುಗಿಸಿ ನೋಡುತ್ತೇವೆ. ಆದರೆ ಕೆಲವೊಮ್ಮೆ ಕೊಳ್ಳುವವರೂ ಮಾರುವವರೂ ಗುಟ್ಟಾಗಿ ಮಾತಾಡಿಕೊಂಡಿರುತ್ತಾರೆ. ಬಾಡಿಗೆಯವರಿಗೆ ಸುಳಿವು ಸಿಗಬಾರದು. ಆಗ ಬರೀ ಹೊರಗಿನಿಂದ ನೋಡಿ ಬರಬೇಕು. ಹೊಸಿಲು ದಾಟುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ, ಯಾರನ್ನೂ ಮಾತಾಡಿಸುವಂತಿಲ್ಲ. ಫಾರಮ್ಮಿನ ಕೊನೆಗೆ ‘ನಾನು ಒಳಗೆ ಪ್ರವೇಶಿಸಿಲ್ಲ’ ಎಂಬ ಸಾಲಿನ ಕೆಳಗೆ ಸಹಿ ಬೇರೆ. (ದೂರದಿಂದ ನೋಡಿ ಹೆಣ್ಣು ಒಪ್ಪಿಕೊಂಡ ಹಾಗೆ. ಆಮೇಲೆ ಅವರವರ ಹಣೆಬರಹ.)

ಜೋಗೇಶ್ವರಿಯದು ಹಂಚಿನ ಮನೆ, ಸಾಲಾಗಿ ಆರು ಖೋಲಿ. ಮುಂದಿನ ಗೋಡೆ ಸರಿ ಇತ್ತು. ಎಡ, ಬಲ ಸರಿ ಇದ್ದವು. ಹಿಂದೆ ಬಂದರೆ ಕೊನೆಯ ಖೋಲಿಯ ಗೋಡೆಗೆ ಒತ್ತಿಕೊಂಡಂತೆ ಹಗ್ಗ ಕಟ್ಟಿ ನಾಲ್ಕು ಸೀರೆ ಹರವಿದ್ದರು. ನಾಲ್ಕೂ ಇಳಕಲ್ ಸೀರೆಗಳು.

ನಮ್ಮ ಆಫೀಸಿನ ಬೇರೆ ಯಾರೇ ಹೋಗಿದ್ದರೂ ‘ಬಟ್ಟೆ ಒಣಗಿ ಹಾಕಿದ್ದಾರೆ’ ಎಂದುಕೊಂಡು ಲೋಕಲ್ ಹಿಡಿಯುತ್ತಿದ್ದರು. ಆದರೆ ನಾನು ಧಾರವಾಡದವನು. ಮೇ ತಿಂಗಳ ಬಿಸಿಲಿಗೆ ರೇಷ್ಮೆ ಸೆರಗಿನ ಇಳಕಲ್ ಸೀರೆಯನ್ನು ಯಾವ ತಾಯಿ ಹಾಕುತ್ತಾಳೆ? ನಮ್ಮ ಅವ್ವ ಅದನ್ನು ನೆರಳಿನಲ್ಲಿ ಒಣಗಿಸಿ, ಮಡಿಕೆ ಹಾಕಿ, ಟ್ರಂಕಿನ ತಳಕ್ಕೆ ಇಡುತ್ತಿದ್ದಳು. ಇಲ್ಲಿ ನಾಲ್ಕು ಸೀರೆ, ಬೆಂಕಿಯಂಥ ಬಿಸಿಲು. ಅದೂ ಅಲ್ಲದೆ ಸೀರೆಗಳು ಒದ್ದೆಯೇ ಆಗಿರಲಿಲ್ಲ!

ನಿಯಮದ ಪ್ರಕಾರ ಗೋಡೆ ಹೊರಗಿನದು, ನೋಡಬಹುದು. ಸೀರೆ ಒಳಗಿನವರದು, ಮುಟ್ಟಬಾರದು. ಆಚೀಚೆ ನೋಡಿ, ಒಂದು ಸೀರೆ ಸರಿಸಿದೆ.

ಹಂಚಿನ ಕೆಳಗಿನಿಂದ ನೆಲದವರೆಗೆ ಓರೆಯಾಗಿ ಗೋಡೆ ಸೀಳಿತ್ತು. ನನ್ನ ನಾಲ್ಕು ಬೆರಳು ಸಲೀಸಾಗಿ ಒಳಗೆ ಹೋದವು. ಆ ಬಿರುಕಿನೊಳಗಿಂದ, ಕಿವಿಯ ಹತ್ತಿರವೇ ಎಂಬಂತೆ, ಹಸುಗೂಸೊಂದು ಅತ್ತಿತು.

“ಏ! ಸಾಡೀ ಕೋ ಹಾಥ್ ಕಾಯ್ಕೂ ಲಗಾಯಾ?”

ಸೀರೆಗೆ ಯಾಕೆ ಕೈ ಹಾಕಿದೆ ಎಂಬ ಆ ಹಿಂದಿ ಗದರಿಕೆಗೆ ತಿರುಗಿದೆ. ಹಿತ್ತಲ ಬಾಗಿಲಲ್ಲಿ ಐವತ್ತರ ಆಸುಪಾಸಿನ ಹೆಂಗಸು. ಗಾಬರಿಯಲ್ಲಿ ನನ್ನ ಬಾಯಿಂದ ಊರಿನ ಮಾತೇ ಬಂತು: “ತಪ್ಪಾತ್ರೀ ಅಕ್ಕಾರ.”

ಆಕೆಯ ಮುಖದ ಸಿಟ್ಟು ಇಳಿಯಿತು. ಇಳಿದದ್ದೇ ತಡ, ಕಣ್ಣಲ್ಲಿ ನೀರು ಬಂತು. ಹೆಸರು ಶಾಂತವ್ವ, ಬಿಜಾಪುರ ಕಡೆಯವರು, ಗಂಡನಿಗೆ ಇಲ್ಲೇ ಬಣ್ಣದ ಕಾರಖಾನೆಯಲ್ಲಿ ಕೆಲಸ. ಹಿಂದಿನ ದಿನ ಮಾಲೀಕನ ಕಡೆಯವನೊಬ್ಬ ಬಂದು ಅಂಗಳ ಸ್ವಚ್ಛ ಮಾಡಿಸಿದಾಗಲೇ, ಮನೆ ನೋಡಿ ಬರೆದುಕೊಳ್ಳಲು ಯಾರೋ ಬರುತ್ತಾರೆಂದು ಅವರಿಗೆ ಅನುಮಾನ ಬಂದಿತ್ತಂತೆ. ಅದಕ್ಕೇ ಈ ಸೀರೆಗಳ ಮರೆ.

“ನಮ್ಮ ಕಡ್ಯಾವ್ರು ಅದೀರಿ, ಬರೀಬ್ಯಾಡ್ರೀ ಯಪ್ಪಾ. ಬೀಳೂ ಮನಿ ಅಂತ ಕಾಗದದಾಗ ಬಂದ್ರ, ಕೆಡವತೀವಿ ಅಂತ್ಹೇಳಿ ನಮ್ಮನ್ನ ಹೊರಗ ಹಾಕ್ತಾರ. ಮಗಳು ಹಡದು ಹನ್ನೊಂದು ದಿನಾ ಆತು. ಚೊಚ್ಚಲ ಬಾಣಂತಿನ್ನ ಕರಕೊಂಡು ನಾ ಎಲ್ಲಿ ಹೋಗ್ಲಿ?”

ಎಲ್ಲಿಗೆ ಹೋಗಬೇಕು, ನೀವೇ ಹೇಳಿ. ಈ ಮುಂಬಯಿಯಲ್ಲಿ ಖಾಲಿ ಖೋಲಿ ಸಿಗುವುದೆಂದರೇನು ಎಂಬುದು ಮಾಟುಂಗದಲ್ಲಿ ಒಂದು ಕೋಣೆಗೆ ನಾಲ್ವರು ಮಲಗುವ ನನಗೆ ಗೊತ್ತಿಲ್ಲವೆ?

ನಾನು ಕೇಳಿದ್ದು ಇಷ್ಟೇ: “ಕೂಸು ಯಾವ ಕಡೆ ಮಲಗತದರೀ ಅಕ್ಕಾರ?”

ಆಕೆ ಸೀರೆಗಳ ಕಡೆ ಕೈ ತೋರಿಸಿದಳು.

ಸಾಹೇಬರ ನಿಯಮ ಹಾಳಾಗಿ ಹೋಗಲಿ ಎಂದು ಹೊಸಿಲು ದಾಟಿದೆ. ಹನ್ನೊಂದು ದಿನದ ಬಾಣಂತಿಯ ಕೋಣೆಗೆ ಪರಗಂಡಸು ನುಗ್ಗುವುದೆಂದರೇನು! ಆ ಹುಡುಗಿ ಮುಸುಕೆಳೆದುಕೊಂಡು ಗೋಡೆಯ ಕಡೆ ತಿರುಗಿದಳು. ನನಗೆ ನಾಚಿಕೆಯಾಯಿತು. ಆದರೆ ತಲೆ ಎತ್ತಿ ನೋಡಿದಾಗ ನಾಚಿಕೆ ಮರೆತುಹೋಯಿತು. ಸೂರಿನ ತೊಲೆ ಆ ಗೋಡೆಯ ಮೇಲೆ ಎರಡು ಬೆರಳಿನಷ್ಟು ಮಾತ್ರ ಕೂತಿತ್ತು. ಹೊರಗಿನಿಂದ ಇದು ಯಾರಿಗೂ ಕಾಣುವುದಿಲ್ಲ. ಶಾಂತವ್ವನೂ ನಾನೂ ಸೇರಿ ಬಾಣಂತಿ, ಕೂಸು ಮಲಗುವ ಹೊರಸನ್ನು ಎದುರಿನ ಗೋಡೆಗೆ ಸರಿಸಿದೆವು. “ಇನ್ನ ಆ ಕಡೆ ತರಬ್ಯಾಡ್ರಿ” ಎಂದು ಹತ್ತು ಸಲ ಹೇಳಿ ಬಂದೆ.

ಗುರುವಾರ ಸಾಹೇಬರ ಮುಂದೆ ನಿಂತು ಸೀರೆ ಸರಿಸಿದ್ದನ್ನು ಹೇಳಿದೆ. (ಒಳಗೆ ಹೋದದ್ದನ್ನು ನುಂಗಿಕೊಂಡೆ. ಅವರಿಗೆ ಕನ್ನಡ ಓದಲು ಬಾರದು, ಅದೊಂದೇ ಧೈರ್ಯದಿಂದ ಇಲ್ಲಿ ಬರೆಯುತ್ತಿದ್ದೇನೆ.) ಸಾಹೇಬರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

“ಪರರ ಬಟ್ಟೆ ಮುಟ್ಟುವ ಅಧಿಕಾರ ನಿನಗೆ ಯಾರು ಕೊಟ್ಟರು? ಬಟ್ಟೆ ಒಣಗಿ ಹಾಕಿದ್ದರಿಂದ ಹಿಂದಿನ ಗೋಡೆ ಕಾಣಲಿಲ್ಲ. ಹಾಗೆ ಬರಿ. ಸಹಿ ಹಾಕು.”

ಬರೆದೆ. ಸಹಿ ಹಾಕಿದೆ. ಸಾಹೇಬರು ಹೇಳಿದರು ಎಂದೋ? ಅಲ್ಲ. ಒಳಗೊಳಗೆ ನನಗೂ ಅದೇ ಬೇಕಾಗಿತ್ತು. ಶಾಂತವ್ವನ ಸೂರು ಉಳಿಯಿತು, ನನ್ನ ನೌಕರಿ ಉಳಿಯಿತು, ನಿಯಮವೂ ಉಳಿಯಿತು. ಎಲ್ಲರಿಗೂ ಒಳ್ಳೆಯವನಾದೆ. ಒಬ್ಬ ಮನುಷ್ಯನಿಗೆ ಇನ್ನೇನು ಬೇಕು?

ಇವತ್ತು ಭಾನುವಾರ. ಬೆಳಿಗ್ಗೆ ಬೀಗುತ್ತ ಜೋಗೇಶ್ವರಿಗೆ ಹೋಗಿ ಸಮಾಚಾರ ಹೇಳಿದೆ. ಶಾಂತವ್ವ ಕೈ ಮುಗಿದಳು. ಬಾಣಂತಿಗೆಂದು ಮಾಡಿದ್ದ ಅಂಟಿನುಂಡಿ ತಂದು ಕೈಯಲ್ಲಿಟ್ಟಳು. ಉಂಡಿ ಬಾಯಿಗಿಡುವ ಮೊದಲು ಬಾಗಿಲಿನಿಂದಲೇ ಒಳಗೆ ಇಣುಕಿದೆ.

ಹೊರಸು ಮತ್ತೆ ಆ ಗೋಡೆಯ ಕೆಳಗೇ ಇತ್ತು. ಅದರ ಮೇಲೆ ಕೂಸು ನಿದ್ದೆ ಮಾಡುತ್ತಿತ್ತು.

“ಆ ಕಡೆ ಒಲಿ ಹೊಗಿ ಬಾಳರೀ. ಕೂಸಿನ ಕಣ್ಣ ಕೆಂಪಾಗಿದ್ದುವು. ಅದಕ್ಕs ನಿನ್ನಿ ಮತ್ತ ಇಲ್ಲಿ ತಂದ್ವಿ.”

“ಅಕ್ಕಾರ, ಆ ಗ್ವಾಡಿ ಬೀಳತದರೀ! ತೊಲಿ ಜಾರೇದ. ನಾನs ಕಣ್ಣಾರೆ ನೋಡೇನಿ.”

ಶಾಂತವ್ವ ನಕ್ಕಳು. ಮನೆಮಗನ ಹೆದರಿಕೆಗೆ ತಾಯಿ ನಗುವಂಥ ನಗು. “ಅಂಜಬ್ಯಾಡ್ರಿ. ಖರೇನ ಬೀಳೂ ಗ್ವಾಡಿ ಆಗಿದ್ರ ನೀವು ಬರೀದs ಬಿಡತಿದ್ರೇನು? ಓದಿದಾವ್ರು ಅದೀರಿ.”

ಉಂಡಿ ಕೈಯಲ್ಲೇ ಉಳಿಯಿತು. ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. “ಆತ್ರೀ, ಸರಿಸ್ತೀವಿ” ಎಂದಳು. ಅದು ನನ್ನ ಸಮಾಧಾನಕ್ಕೆ ಆಡಿದ ಮಾತು ಎಂದು ನನಗೆ ತಿಳಿಯದೆ ಇರಲಿಲ್ಲ. ಸ್ಟೇಷನ್ನಿಗೆ ಬರುವಾಗ ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟಿತ್ತು. ಮುಂಬಯಿಯ ಮಳೆ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ.

ಆ ಕಾಗದ ಇನ್ನೂ ಸಾಹೇಬರ ಟೇಬಲ್ಲಿನ ಮೇಲಿದೆ, ನಾಳೆಯ ಟಪಾಲಿಗೆ ಹೋಗುತ್ತದೆ. ಹತ್ತು ಗಂಟೆಯೊಳಗೆ ಅದನ್ನು ವಾಪಸು ಕೇಳಿ ಕಂಡದ್ದನ್ನೆಲ್ಲ ಬರೆದರೆ ನನ್ನ ನೌಕರಿ ಹೋಗುತ್ತದೆ, ಶಾಂತವ್ವನ ಮನೆ ಹೋಗುತ್ತದೆ. ಕೇಳದಿದ್ದರೆ ಏನು ಹೋಗುತ್ತದೆ ಎಂದು ಇಲ್ಲಿಯಾದರೂ ನಾನು ಬರೆಯಲೆ?