ಕಸ್ತೂರಿಬಾಯಿಯವರು ಸಮುದ್ರಕ್ಕೆ ಒಪ್ಪಿದ್ದು

ದತ್ತಾತ್ರಿ ಮಾಸ್ತರರು ಕಸ್ತೂರಿಬಾಯಿಯವರನ್ನು ಮೊದಲ ಸಲ ಕಂಡದ್ದು 1953ರ ಜೂನ್ ತಿಂಗಳಲ್ಲಿ, ನಾಲ್ಕು ಬೆರಳಷ್ಟು ತೆರೆದ ಬಾಗಿಲಿನ ಸಂದಿಯಿಂದ. ಭಾಲ್ಕಿಯ ಶಾಲೆಗೆ ಹೊಸದಾಗಿ ಬಂದಿದ್ದ ಆ ತರುಣ ಮಾಸ್ತರರು ಮಕ್ಕಳ ಪಟ್ಟಿ ಮಾಡುತ್ತ ಓಣಿ ಓಣಿ ತಿರುಗುತ್ತಿದ್ದರು.

“ಮನ್ಯಾಗ ಮಕ್ಕಳು ಎಷ್ಟ ಮಂದಿರಿ, ಬಾಯಿ?”

“ಬರಕೊಂಡು ಬಾ ಅಂತ ಯಾರು ಹೇಳ್ಯಾರ?”

“ಸರ್ಕಾರದವ್ರು ರಿ.”

“ಯಾವ ಸರ್ಕಾರ?”

ಮಾಸ್ತರರಿಗೆ ನಗು ಬಂತು. ಕಸ್ತೂರಿಬಾಯಿಗೆ ಬರಲಿಲ್ಲ. ಕಳೆದ ಐದು ವರ್ಷಗಳಲ್ಲಿ ಅವರು ನಿಜಾಮರ ಸರ್ಕಾರ ಹೋದದ್ದು ಕಂಡಿದ್ದರು, ಮಿಲಿಟರಿಯವರ ಸರ್ಕಾರ ಬಂದು ಹೋದದ್ದು ಕಂಡಿದ್ದರು, ಈಗ ಓಟಿನ ಸರ್ಕಾರ ಕಾಣುತ್ತಿದ್ದರು. ಒಂದೊಂದು ಬಂದಾಗಲೂ ಯಾರಾದರೊಬ್ಬರು ಪಟ್ಟಿ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದರು.

“ಹೆಸರು ಹೇಳಿದ್ರ ಸಾಲೀಗಿ ಹಚ್ಕೋತೀವ್ರಿ.”

“ಸಾಲ್ಯಾಗ ಬಂದ ಮ್ಯಾಲ ಅವೇ ಹೇಳ್ತಾವ ತಮ್ಮ ಹೆಸರು,” ಎಂದವರೇ ಬಾಗಿಲು ಹಾಕಿಕೊಂಡರು.

ಮರುದಿನ ಇಬ್ಬರು ಹುಡುಗಿಯರು, ಶಾಂತಾ ಮತ್ತು ವಿಮಲಾ, ಎಣ್ಣೆ ಹಚ್ಚಿದ ಜಡೆಗಳೊಂದಿಗೆ ಶಾಲೆಗೆ ಬಂದರು. ಅವರ ಹಿಂದೆಯೇ ತಾಯಿಯೂ ಬಂದು, ಅದು ಶಾಲೆಯೇ ಹೌದೋ ಅಲ್ಲವೋ ಎಂದು ನಡುಹಗಲಿನವರೆಗೆ ಹೊರಗಿನ ಬೇವಿನ ಮರದ ಕೆಳಗೆ ನಿಂತು ನೋಡಿಕೊಂಡು ಹೋದರು. ಎರಡು ತಿಂಗಳ ಮೇಲೆ ಮಾಸ್ತರರಿಗೆ ತಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟವರೂ ಅವರೇ. ಮಾಸ್ತರರದು ಔರಾದು. ಕಸ್ತೂರಿಬಾಯಿಯ ಅಕ್ಕನನ್ನು ಕೊಟ್ಟದ್ದೂ ಔರಾದಿಗೇ. ಹಾಗಿದ್ದರೂ ಅಕ್ಕನಿಗೆ ಹೇಳಿ ಕಳಿಸಿ, ಮಾಸ್ತರರ ಅಜ್ಜನವರೆಗೆ ವಿಚಾರಿಸಿದ ಮೇಲೆಯೇ ಕೀಲಿ ಕೈಗೆ ಬಂತು.

ಹುಟ್ಟಿನಿಂದ ಅವರು ಹೀಗಿರಲಿಲ್ಲ. 1948ರ ಬೇಸಿಗೆಯಲ್ಲಿ, ಊರೂರುಗಳಲ್ಲಿ ನಿಜಾಮರ ಕಡೆಯ ರಜಾಕಾರರ ಹಾವಳಿ ಹೆಚ್ಚಿದ್ದಾಗ, ಒಂದು ಮುಂಜಾನೆ ಗಂಡ ಶಿವರಾಜಪ್ಪನವರು ಬಂಡಿ ಕಟ್ಟಿಸಿ, “ಔರಾದಿಗೆ ನಿಮ್ಮಕ್ಕನ ಮನಿಗೆ ಹೋಗಿ ಬರೂಣು. ನಾಲ್ಕೇ ದಿನ. ಎರಡು ಸೀರಿ ತಗೋ ಸಾಕು,” ಎಂದಿದ್ದರು. ಕಸ್ತೂರಿಬಾಯಿ ನಾಲ್ಕು ದಿನದ ಕಣಿಕೆಯನ್ನು ಆಕಳ ಮುಂದೆ ಹಾಕಿ, ಅಕ್ಕನ ಮಕ್ಕಳಿಗೆಂದು ಉಂಡಿ ಕಟ್ಟಿಕೊಂಡು ಬಂಡಿ ಹತ್ತಿದರು. ಔರಾದಿಗೆ ಹೊರಳುವ ದಾರಿ ಬಂತು. ಬಂಡಿ ಹೊರಳಲಿಲ್ಲ. ಆಗ ಗಂಡನ ಮುಖ ನೋಡಿದರು. ಗಂಡ ಎತ್ತುಗಳ ಬೆನ್ನು ನೋಡುತ್ತ ಕುಳಿತಿದ್ದರು.

ನಿಜಾಮರ ಸರಹದ್ದಿನಾಚೆಯ ನಿರಾಶ್ರಿತರ ಕ್ಯಾಂಪಿನಲ್ಲಿ ಏಳು ತಿಂಗಳು ಕಳೆದವು. ಮೊದಲೇ ಹೇಳಿದ್ದರೆ ನೀನು ಅಳುತ್ತಿದ್ದೆ, ಓಣಿಗೆಲ್ಲ ಗೊತ್ತಾಗುತ್ತಿತ್ತು ಎಂದು ಶಿವರಾಜಪ್ಪನವರು ನೂರು ಸಲ ಹೇಳಿದರು. ಅದು ಸುಳ್ಳೇನೂ ಆಗಿರಲಿಲ್ಲ. ಪೋಲೀಸ್ ಆ್ಯಕ್ಷನ್ ಮುಗಿದು ತಿರುಗಿ ಬಂದಾಗ ಮನೆಯಲ್ಲಿ ಹಂಡೆ ಇರಲಿಲ್ಲ, ಕೊಪ್ಪರಿಗೆ ಇರಲಿಲ್ಲ, ಹಿತ್ತಲ ಬಾಗಿಲೂ ಇರಲಿಲ್ಲ. ಆಕಳನ್ನು ಪಕ್ಕದ ಮನೆಯ ವಜೀರಬೀ ನಾಲ್ಕು ತಿಂಗಳು ಮೇಯಿಸಿದ್ದರಂತೆ. ಸಪ್ಟಂಬರಿನಲ್ಲಿ ಭಾರತದ ಮಿಲಿಟರಿ ಬಂದು, ರಜಾಕಾರರ ಮೇಲಿನ ಸೇಡನ್ನು ಮಂದಿ ಮುಸಲ್ಮಾನರ ಮೇಲೆ ತೀರಿಸಿಕೊಳ್ಳತೊಡಗಿ, ಅವರಿಗೇ ಊರು ಬಿಡುವ ಪ್ರಸಂಗ ಬಂದಾಗ ಹಗ್ಗ ಬಿಚ್ಚಿ ಬಿಟ್ಟಿದ್ದರು. ವಜೀರಬೀಯವರ ಗಂಡ ಸುಭಾನ ಆ ವಾರ ಸಂತೆಗೆ ಹೋದವನು ಇಂದಿಗೂ ಬಂದಿಲ್ಲ. ಅವರು ಬೀದರದ ತಮ್ಮನ ಮನೆಯಲ್ಲಿ ಒಂದು ವರ್ಷ ಇದ್ದು, ಭಾಲ್ಕಿಗೆ ಮರಳಿ ಹೊಲಿಗೆಯಿಂದ ಹೊಟ್ಟೆ ಹೊರೆಯುತ್ತಿದ್ದರು.

ಗಂಡನ ಮೇಲೆ ಕಸ್ತೂರಿಬಾಯಿಗೆ ಸಿಟ್ಟು ಉಳಿದಿರಲಿಲ್ಲ. ಆದರೆ ಅವರು ‘ಹೋಗಿ ಬರೂಣು’ ಎಂದ ಕೂಡಲೇ ಇವರು ಕೈಯ ಕೆಲಸ ಬಿಟ್ಟು ಅವರ ಮುಖ ನೋಡುತ್ತಿದ್ದರು.

1954ರ ಏಪ್ರಿಲ್‌ನಲ್ಲಿ ಶಿವರಾಜಪ್ಪನವರು ಮತ್ತೆ ಆ ಮಾತು ಅಂದರು. ಅವರು ಭಾಲ್ಕಿ ಸ್ಟೇಷನ್ನಿನಲ್ಲಿ ಪಾರ್ಸಲ್ ಗುಮಾಸ್ತರು. ಕುಟುಂಬ ಸಮೇತ ತಿರುಗಾಡಲು ರೇಲ್ವೆಯವರು ಕೊಡುವ ಪಾಸು ಆ ಸಲ ಕೈಗೆ ಬಂದಿತ್ತು.

“ವಾಲ್ಟೇರಿಗೆ ಹೋಗಿ ಬರೂಣು ಕಸ್ತೂರಿ. ಸಮುದ್ರದ ದಂಡಿ ಮ್ಯಾಲಿನ ಊರು. ದೊಡ್ಡ ದೊಡ್ಡ ಸಾಹೇಬರೆಲ್ಲ ಬ್ಯಾಸಗ್ಯಾಗ ಅಲ್ಲೇ ಹೋಗ್ತಾರಂತ. ಹನ್ನೊಂದು ದಿನ.”

“ಅಲ್ಲಿ ನಮ್ಮವ್ರು ಯಾರದಾರ?”

“ಯಾರೂ ಇಲ್ಲ.”

“ದೇವರ ಗುಡಿಗಿ ಹರಕಿ ಅದ?”

“ಇಲ್ಲ. ಸುಮ್ಮ ನೋಡ್ಲಿಕ್ಕ.”

“ಸುಮ್ಮ,” ಎಂದು ಕಸ್ತೂರಿಬಾಯಿ ಆ ಶಬ್ದವನ್ನು ಕಾಳಿನಲ್ಲಿ ಸಿಕ್ಕ ಹರಳಿನಂತೆ ಪಕ್ಕಕ್ಕೆ ಇಟ್ಟರು.

ದತ್ತಾತ್ರಿ ಮಾಸ್ತರರು ಸ್ಕೌಟಿನ ಹುಡುಗರೊಂದಿಗೆ ಒಮ್ಮೆ ವಾಲ್ಟೇರಿಗೆ ಹೋಗಿದ್ದರೆಂಬುದು ಅವರಿಗೆ ಗೊತ್ತಿತ್ತು. ಮಧ್ಯಾಹ್ನ ಮಜ್ಜಿಗೆ ಕೊಡುವ ನೆವದಿಂದ ಹೋಗಿ ಬಾಗಿಲಲ್ಲಿ ನಿಂತರು.

“ಮಾಸ್ತರ, ಆ ನೀರು ಕುಡೀಲಿಕ್ಕ ಬರ್ತದೇನು?”

“ಇಲ್ಲ ಬಾಯಿಯವ್ರ, ಉಪ್ಪಂದ್ರ ಉಪ್ಪು.”

“ಅರಬಿ ಒಗೀಲಿಕ್ಕ?”

“ಬರಂಗಿಲ್ರಿ.”

“ಹೊಲಕ್ಕ ಹಾಯಿಸ್ಲಿಕ್ಕ?”

“ಪೀಕು ಸುಟ್ಟು ಹೋಗ್ತದ್ರಿ.”

“ಮತ್ತ ಮಂದಿ ಅಲ್ಲಿ ಏನ ಮಾಡ್ತಾರ?”

“ಉಸುಕಿನ ಮ್ಯಾಲ ಕುಂಡ್ರತಾರ್ರಿ. ತೆರಿ ಬರ್ತಾವ, ನೋಡ್ತಾರ. ತೆರಿ ಹೋಗ್ತಾವ, ನೋಡ್ತಾರ.”

“ನೋಡಿ?”

“ನೋಡಿ ಹಸಿವ್ಯಾದ ಮ್ಯಾಲ ಎದ್ದು ಬರ್ತಾರ.”

ಕಸ್ತೂರಿಬಾಯಿ ಮಾಸ್ತರರ ಮುಖವನ್ನು ಬಹಳ ಹೊತ್ತು ನೋಡಿದರು. ಇವರೂ ಗಂಡನ ಕಡೆಯವರೇ ಎಂದು ಖಾತ್ರಿಯಾಯಿತು. ಕುಡಿಯಲು, ಒಗೆಯಲು ಬಾರದ ನೀರಿಗಾಗಿ ಎರಡು ದಿನ ರೈಲಿನಲ್ಲಿ ಕೂತು ಹೋಗುವವರು ಈ ಲೋಕದಲ್ಲಿ ಯಾರಿದ್ದಾರೆ? ಆ ದಿನಗಳಲ್ಲಿ ಹೈದರಾಬಾದ್ ರಾಜ್ಯವನ್ನು ಒಡೆಯುತ್ತಾರೆ, ಬೀದರ ಜಿಲ್ಲೆಯನ್ನು ಮರಾಠಿಯವರಿಗೊಂದು ಪಾಲು, ತೆಲುಗರಿಗೊಂದು ಪಾಲು, ಕನ್ನಡದವರಿಗೊಂದು ಪಾಲು ಮಾಡುತ್ತಾರೆ ಎಂಬ ಮಾತು ಅಂಗಡಿ ಕಟ್ಟೆಗಳ ಮೇಲೆ ದಿನವೂ ನಡೆದಿತ್ತು. ಪಾಲಿನ ಜಗಳ ಬಡಿದಾಟಕ್ಕೆ ಬಂದಿರಬೇಕು. ಸ್ಟೇಷನ್ನಿಗೆ ತಾರು ಬಂದಿರಬೇಕು. ಗಂಡ ಅದನ್ನು ಓದಿಕೊಂಡು ಮತ್ತೆ ‘ಹೋಗಿ ಬರೂಣು’ ಎನ್ನುತ್ತಿದ್ದಾರೆ.

ಆದರೆ ಈ ಸಲ ಕಸ್ತೂರಿಬಾಯಿ ಮೊದಲಿನಂತೆ ಉಂಡಿ ಕಟ್ಟುತ್ತ ಕೂಡುವವರಾಗಿರಲಿಲ್ಲ.

ಮನೆಯ ಅಂಗಳದಲ್ಲಿ ಒಂದು ಹಗೇವು ಇತ್ತು. ಮಾವನವರ ಕಾಲದಲ್ಲಿ ಜೋಳ ತುಂಬಿಡುತ್ತಿದ್ದ, ಆಳೆತ್ತರಕ್ಕಿಂತ ಆಳವಾದ ನೆಲದ ಕಣಜ. ಈಗ ಅದು ಬರಿದಾಗಿ ಬಾಯಿಗೆ ಕಲ್ಲು ಮುಚ್ಚಿಕೊಂಡು ಕುಳಿತಿತ್ತು. ಮರುದಿನ ಮಧ್ಯಾಹ್ನ ಓಣಿಯೆಲ್ಲ ಉಂಡು ಅಡ್ಡಾದ ಹೊತ್ತಿನಲ್ಲಿ ಕಸ್ತೂರಿಬಾಯಿ ಕಲ್ಲು ಸರಿಸಿ, ಬಾವಿಯ ಹಗ್ಗದಿಂದ ಹೊಸ ತಾಮ್ರದ ಹಂಡೆಯನ್ನು ಮೆಲ್ಲಗೆ ಇಳಿಬಿಟ್ಟರು. ಅದರ ಹಿಂದೆ ಪರಾತ, ಕೊಡ, ತಂಬಿಗೆಗಳು. ಎರಡನೆಯ ಕೊಡ ಇಳಿಯುವಾಗ ಹಗ್ಗ ಜಾರಿತು. ತಳದಲ್ಲಿ ತಾಮ್ರದ ಮೇಲೆ ತಾಮ್ರ ಬಿದ್ದು ‘ಢಣ್’ ಎಂದಿತು.

ಬೇರೆ ಊರಿನವರಾಗಿದ್ದರೆ ಯಾರದೋ ಕೈತಪ್ಪಿ ಪಾತ್ರೆ ಬಿತ್ತು ಎಂದು ಮಗ್ಗುಲು ಬದಲಿಸುತ್ತಿದ್ದರು. ಆದರೆ ನೆಲದೊಳಗಿನಿಂದ ಬರುವ ತಾಮ್ರದ ಸದ್ದು ಹೇಗಿರುತ್ತದೆಂದು ಆ ಓಣಿಗೆ 1948ರಿಂದ ಗೊತ್ತಿತ್ತು.

ಮೊದಲು ಎದುರು ಮನೆಯ ಕಿರಾಣಿ ಅಂಗಡಿಯ ಹಾವಗೆಪ್ಪ ಕಿಟಕಿಯಿಂದ ಇಣುಕಿದ. ಒಳಗೆ ಹೋಗಿ ಹೆಂಡತಿಯನ್ನು ಎಬ್ಬಿಸಿದ. ಗಳಿಗೆಯಲ್ಲಿ ಅವನ ಹಿತ್ತಲಿನಿಂದಲೂ ಅದೇ ಸದ್ದು ಬಂತು. ಹೊತ್ತು ಇಳಿಯುವಷ್ಟರಲ್ಲಿ ಮೂರು ಮನೆಗಳ ಹಗೇವು ತೆರೆದಿದ್ದವು. ಒಬ್ಬರು ಭಾತಂಬ್ರಾದ ಬೀಗರಿಗೆ ಬಂಡಿ ತರಲು ಹೇಳಿ ಕಳಿಸಿದ್ದರು. ಸಂಜೆ ಶಿವರಾಜಪ್ಪನವರು ಡ್ಯೂಟಿ ಮುಗಿಸಿ ಬಂದಾಗ ಮನೆಯ ಮುಂದೆ ಹದಿನೈದು ಮಂದಿ ನಿಂತಿದ್ದರು.

“ಶಿವರಾಜಪ್ಪಾ, ತಾರು ಬಂದದಲ್ಲ? ಖರೇ ಹೇಳಪಾ,” ಎಂದ ಹಾವಗೆಪ್ಪ.

“ಎಂಥ ತಾರೋ?”

“ರೇಲ್ವೇದವ್ರಿಗಿ ಎಲ್ಲಾ ಮೊದಲೇ ಗೊತ್ತಾಗ್ತದ. ನಮಗ್ಯಾಕ ಮುಚ್ಚಿಡ್ತಿ? ನೀ ಹೆಂಡತಿ ಮಕ್ಕಳನ್ನ ಕರಕೊಂಡು ಹೋಗ್ಲಿಕತ್ತಿಯಂತ.”

“ಸಮುದ್ರ ನೋಡ್ಲಿಕ್ಕ ಹೊಂಟೀನಪಾ!”

“ಸಮುದ್ರ!” ಹಾವಗೆಪ್ಪ ಜನರ ಕಡೆ ತಿರುಗಿದ. “ಕೇಳಿದ್ರೇನಪಾ? ಹೋದ ಸಲ ಔರಾದು ಅಂದಿದ್ದ. ಈ ಸಲ ಸಮುದ್ರ ಅಂತಾನ. ಬರ್ತಾ ಬರ್ತಾ ದೂರ ಹೊಂಟಾನ ನೋಡ್ರಿ.”

ಯಾರೂ ನಗಲಿಲ್ಲ. ಶಿವರಾಜಪ್ಪನವರು ಪಾಸನ್ನು ತೆಗೆದು ತೋರಿಸಿದರು. ಅದರ ಮೇಲಿನ ಸರ್ಕಾರಿ ಮೊಹರು ಕಂಡು ಸಂಶಯ ಇನ್ನೂ ಹೆಚ್ಚಾಯಿತು.

ಬಾಗಿಲ ಹಿಂದೆ ನಿಂತು ಇದನ್ನೆಲ್ಲ ಕೇಳುತ್ತಿದ್ದ ಕಸ್ತೂರಿಬಾಯಿಯ ಬೆನ್ನಿಗೆ ಯಾರೋ ಬಂದು ನಿಂತಂತಾಯಿತು. ವಜೀರಬೀ ಹಿತ್ತಲಿನಿಂದ ಒಳಗೆ ಬಂದಿದ್ದರು. ಬಗಲಲ್ಲಿ ಒಂದು ಗಂಟು, ಗಂಟಿನಿಂದ ಹೊಲಿಗೆಯ ಕತ್ತರಿಯ ತುದಿ ಕಾಣುತ್ತಿತ್ತು.

“ತಂಗೀ,” ಎಂದರು ವಜೀರಬೀ, ಬಹಳ ಮೆಲ್ಲಗೆ. “ಮಂದಿಗಿ ಹೇಳಬ್ಯಾಡ. ನನಗಷ್ಟೇ ಹೇಳು. ಈ ಸಲ ಯಾರ ಮ್ಯಾಲ ಬರ್ತದ? ನಿಮ್ಮ ಮ್ಯಾಲೋ, ನಮ್ಮ ಮ್ಯಾಲೋ?”

ಕಸ್ತೂರಿಬಾಯಿ ಬಾಗಿಲ ಸಂದಿಯಿಂದ ಕಣ್ಣು ತೆಗೆದು ಅವರ ಕಡೆ ತಿರುಗಿದರು.

“ನಮ್ಮ ಮ್ಯಾಲ ಇದ್ರ ಈಗಿಂದೀಗ ಬೀದರದ ಗಾಡಿ ಹತ್ತತೀನಿ. ನಿಮ್ಮ ಮ್ಯಾಲ ಇದ್ರ ಇಲ್ಲೇ ಇರ್ತೀನಿ, ಮನಿ ನೋಡ್ಕೋತೀನಿ. ನನಗ ಸುಳ್ಳು ಹೇಳಿ ಹೋಗಬ್ಯಾಡವಾ.”

ಆರು ವರ್ಷ ತಾವು ಗಂಡನಿಗೆ ಬಾಯಿ ಬಿಟ್ಟು ಹೇಳಲಾರದೆ ಉಳಿದ ಮಾತನ್ನು ವಜೀರಬೀ ತಮಗೆ ಹೇಳುತ್ತಿದ್ದರು. ಏನೂ ಇಲ್ಲ ಅಕ್ಕ ಎನ್ನಬೇಕು. ಅನ್ನಬೇಕಾದರೆ ಏನೂ ಇಲ್ಲವೆಂದು ಮೊದಲು ತಮಗೆ ಗೊತ್ತಿರಬೇಕು. ಕಸ್ತೂರಿಬಾಯಿ ಬಾಗಿಲು ತೆರೆದು, ಅಷ್ಟು ಜನರ ಎದುರಿಗೆ ಹೊರಗೆ ಬಂದು ಗಂಡನ ಮುಂದೆ ನಿಂತರು.

“ರೀ, ತಾರು ಬಂದದೇನು?”

“ಇಲ್ಲ.”

“ಶಾಂತಾನ ತಲಿ ಮ್ಯಾಲ ಕೈಯಿಟ್ಟು ಹೇಳ್ರಿ.”

ಶಿವರಾಜಪ್ಪನವರು ಮಗಳ ತಲೆಯ ಮೇಲೆ ಕೈಯಿಟ್ಟರು. “ಇಲ್ಲ ಕಸ್ತೂರಿ. ಅವತ್ತ ಹೇಳಿದ್ದು ಸುಳ್ಳು. ಇವತ್ತ ಹೇಳಿದ್ದು ಖರೇ. ಒಂದ ಸಲ ನಿನಗ ಖರೇ ಹೇಳಿ, ಕರಕೊಂಡು ಹೋಗಿ, ತಿರುಗಿ ಕರಕೊಂಡು ಬರಬೇಕು ಅನಿಸ್ತು. ಅಷ್ಟೇ ಅದ.”

ಕಸ್ತೂರಿಬಾಯಿ ಅವರ ಮುಖ ನೋಡಿದರು. ಈ ಸಲ ಗಂಡ ಮುಖವನ್ನು ಎತ್ತಲೂ ತಿರುಗಿಸಲಿಲ್ಲ.

“ತಿರುಗಿ ಬರೂದು ಯಾವ ದಿನ?”

“ಬಸವ ಜಯಂತಿ ಹಿಂದಿನ ದಿನ. ಮಂಗಳವಾರ.”

“ಮಂಗಳವಾರ,” ಎಂದು ಕಸ್ತೂರಿಬಾಯಿ ಓಣಿಗೆಲ್ಲ ಕೇಳುವಂತೆ ಹೇಳಿದರು. ಆಮೇಲೆ ಒಳಗೆ ಹೋಗಿ ವಜೀರಬೀಯವರ ಬಗಲಿನ ಗಂಟನ್ನು ಇಳಿಸಿಕೊಂಡರು. “ಹಗ್ಗ ಹಿಡಿ ಬಾ ಅಕ್ಕ. ಹಂಡೆ ಒಬ್ಬಾಕಿಗೆ ಏರಂಗಿಲ್ಲ.”

ಹಂಡೆ, ಪರಾತ, ಕೊಡ, ಎಲ್ಲ ಮೇಲೆ ಬಂದವು. ಇಬ್ಬರೂ ಸೇರಿ ಅವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಮುಂದಿನ ಕಟ್ಟೆಯ ಮೇಲೆ ಬೋರಲು ಹಾಕಿದರು. ಹಾವಗೆಪ್ಪ ಅದನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದ. ಅವನ ಪಾತ್ರೆಗಳು ಮಾತ್ರ ಮಂಗಳವಾರದವರೆಗೂ ಮೇಲೆ ಬರಲಿಲ್ಲ.

ವಾಲ್ಟೇರಿನಲ್ಲಿ ಕಸ್ತೂರಿಬಾಯಿ ಮೊದಲ ದಿನ ನೀರಿನಿಂದ ಐವತ್ತು ಹೆಜ್ಜೆ ದೂರ ಎಲ್ಲರ ಚಪ್ಪಲಿಗಳನ್ನೂ ಮುಂದಿಟ್ಟುಕೊಂಡು ಕುಳಿತರು. ಛತ್ರದ ಅನ್ನ ಸೇರದೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದರು. ಎರಡನೆಯ ದಿನ ಪಾದ ತೋಯಿಸಿದರು. ತೆರೆ ಹಿಂದೆ ಸರಿಯುವಾಗ ಅಂಗಾಲಿನ ಕೆಳಗಿನ ಉಸುಕನ್ನೂ ಎಳೆದುಕೊಂಡು ಹೋಯಿತು.

“ನೋಡ್ರಿ, ನೋಡ್ರಿ! ನಿಂತವ್ರ ಕಾಲಾಗಿನ ನೆಲಾನೇ ಕದೀತದ ಇದು!”

“ತಿರುಗಿ ತಂದು ಕೊಡ್ತದ, ತಡಿ,” ಎಂದರು ಶಿವರಾಜಪ್ಪನವರು.

“ಕೊಟ್ಟ ಮ್ಯಾಲ ಹೇಳ್ರಿ.”

ಐದನೆಯ ದಿನ ವಿಮಲಾ ತೆರೆಗೆ ಬೆನ್ನು ಕೊಟ್ಟು ಕುಳಿತು, ನೀರು ಬಂದು ತಳ್ಳಿದಾಗಲೆಲ್ಲ ಕೇಕೆ ಹಾಕಿ ನಗುತ್ತಿದ್ದಳು. ಕ್ಯಾಂಪಿಗೆ ಹೋದಾಗ ಅವಳಿಗೆ ಎರಡೇ ವರ್ಷ. ಅಂದಿನಿಂದ ಮೆಲ್ಲಗೆ ನಗುವುದೇ ಆ ಮಗುವಿಗೆ ರೂಢಿಯಾಗಿತ್ತು. ಅವಳಿಗೆ ಇಷ್ಟು ದೊಡ್ಡ ದನಿ ಇದೆಯೆಂದು ತಾಯಿಗೆ ಗೊತ್ತಿರಲಿಲ್ಲ. ಕಸ್ತೂರಿಬಾಯಿ ಚಪ್ಪಲಿಗಳನ್ನು ಅಲ್ಲಿಯೇ ಬಿಟ್ಟು ಎದ್ದು ಹೋಗಿ ಮಗಳ ಪಕ್ಕದಲ್ಲಿ ಕುಳಿತರು. ಸೀರೆ ತೊಯ್ದಿತು.

ಹೊರಡುವ ಹೊತ್ತಿಗೆ ಹುಡುಗಿಯರು ಇನ್ನೊಂದು ದಿನ ಇರೋಣವೆಂದು ಅತ್ತರು. ಪಾಸಿಗೆ ಇನ್ನೂ ಅವಧಿ ಇತ್ತು, ಶಿವರಾಜಪ್ಪನವರ ಮನಸ್ಸೂ ಸಡಿಲಾಯಿತು. ಕಸ್ತೂರಿಬಾಯಿ ಮಾತ್ರ ಹಾಸಿಗೆ ಸುತ್ತಿ ಹಗ್ಗ ಬಿಗಿದರು. “ಅಕ್ಕಗ ಮಂಗಳವಾರ ಅಂತ ಹೇಳೀನಿ.”

ಮಂಗಳವಾರ ಭಾಲ್ಕಿಯಲ್ಲಿ ಗಾಡಿ ನಿಂತಾಗ ಪ್ಲಾಟ್‌ಫಾರ್ಮಿನ ತುದಿಯಲ್ಲಿ ವಜೀರಬೀ ನಿಂತಿದ್ದರು. ಮುಂಜಾನೆಯ ಗಾಡಿಗೂ ಬಂದು ನೋಡಿ ಹೋಗಿದ್ದರಂತೆ. ಅವರು ಕಸ್ತೂರಿಬಾಯಿಯ ರಟ್ಟೆ ಹಿಡಿದು, ಖರೇ ಇದ್ದಾಳೋ ಎಂಬಂತೆ ಒಮ್ಮೆ ಒತ್ತಿ ನೋಡಿದರು.

“ಹ್ಯಾಂಗಿತ್ತವಾ? ಅಷ್ಟು ದೂರ ಹೋಗೂವಂಥಾದ್ದು ಅದ ಏನು?”

“ನೀರು ಉಪ್ಪು, ಅನ್ನ ಖಾರ, ಗಾಳಿಗಿ ತಲಿ ಮ್ಯಾಲ ಸೆರಗು ನಿಲ್ಲಂಗಿಲ್ಲ,” ಎಂದರು ಕಸ್ತೂರಿಬಾಯಿ. “ಆದರ ನಮ್ಮ ವಿಮಲಾ ನಕ್ಕಿದ್ದು ನೀ ಕೇಳಬೇಕಿತ್ತ, ಅಕ್ಕ.”

ವಜೀರಬೀ ಈಗ ಇಲ್ಲ, ಶಿವರಾಜಪ್ಪನವರೂ ಇಲ್ಲ. ಎಪ್ಪತ್ತೈದು ದಾಟಿದ ಕಸ್ತೂರಿಬಾಯಿ ಬೀದರದಲ್ಲಿ ಮಗಳು ಶಾಂತಾಬಾಯಿಯ ಮನೆಯಲ್ಲಿದ್ದಾರೆ. ಗೋಕರ್ಣಕ್ಕೋ ಗೋವೆಗೋ ಮಕ್ಕಳನ್ನು ಕರೆದುಕೊಂಡು ಹೊರಟವರು, ಸಮುದ್ರಕ್ಕೆ ಹೋಗುವುದು ಯೋಗ್ಯವೇ ಎಂದು ನೆರೆಹೊರೆಯಲ್ಲಿ ಅವರನ್ನೇ ಕೇಳುತ್ತಾರೆ. ಹೋದ ತಿಂಗಳು ಅವರ ಬಲಗಣ್ಣಿನ ಪೊರೆ ತೆಗೆಸುವುದಿತ್ತು. ಡಾಕ್ಟರರು, “ಎರಡು ದಿನದಾಗ ಮನಿಗೆ ಹೋಗ್ತೀರಿ ಅಮ್ಮ,” ಎಂದರಂತೆ. “ಎರಡು ದಿನ ಅಂದ್ರ ಯಾವ ವಾರ?” ಎಂದು ಇವರು ಕೇಳಿದರು. ಡಾಕ್ಟರರು ಗುರುವಾರ ಎನ್ನುವವರೆಗೆ ಮೇಜಿನ ಮೇಲೆ ಮಲಗಲಿಲ್ಲ.

ಗುರುವಾರವೇ ಮನೆಗೆ ಬಂದರು. ಈಗ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಾರೆ. ಹೊಸ ಕಣ್ಣಿನಲ್ಲಿ ಹರಳುಗಳು ಮೊದಲಿಗಿಂತ ಹೆಚ್ಚು ಕಾಣುತ್ತಿರುವುದರಿಂದ, ಅಂಗಡಿಯವನ ಮೇಲೆ ಅವರಿಗೆ ಬಲವಾದ ಅನುಮಾನ ಬಂದಿದೆ.