ಗೋಡೆಯ ಮೇಲಿನ ಸಂಸಾರ

ಮೊನ್ನೆ ಬೆಳಗ್ಗೆ ಬಾಗಿಲು ತೆರೆದರೆ ಬಣ್ಣದ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಮಂಡ್ಯದ ನಮ್ಮ ಬೀದಿಯ ಉದ್ದನೆಯ ಕಾಂಪೌಂಡ್ ಗೋಡೆಯ ಮೇಲೆ ಕಾಲೇಜು ಮಕ್ಕಳು ಕೊಕ್ಕರೆ ಬೆಳ್ಳೂರಿನ ಹಕ್ಕಿಗಳನ್ನು ಬರೆಯುತ್ತಿದ್ದರು. ನಾನೋ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಯಾರೂ ಕರೆಯದಿದ್ದರೂ ಸಲಹೆ ಕೊಡಲು ಚಪ್ಪಲಿ ಮೆಟ್ಟಿಕೊಂಡೆ. ಹಿಂದಿನಿಂದ ನನ್ನ ಹೆಂಡತಿ, "ಸುಮ್ಕೆ ಇಲ್ಲೇ ನಿಂತ್ಕಂಡು ನೋಡಿ. ಗೋಡೆ ಸವಾಸ ಮಾಡಿ ಒಂದ್ಸಲ ಪಟ್ಟಿದ್ದು ಸಾಲ್ದಾ?" ಅಂದಳು.

ಅವಳು ನೆನಪಿಸಿದ್ದು ಎಪ್ಪತ್ತರ ದಶಕದ ಮಾತು. ಆಗ ನಾನು ಮದ್ದೂರಿನ ಮಿಡ್ಲ್ ಸ್ಕೂಲಿಗೆ ಹೊಸದಾಗಿ ಸೇರಿದ್ದೆ. ಹೂಕುಂಡ, ಮಾವಿನಹಣ್ಣು, ಉಗುರು ಸಹಿತ ನವಿಲು, ಇಷ್ಟನ್ನು ಕರಿಹಲಗೆಯ ಮೇಲೆ ಅಳಿಸದೆ ಬರೆಯಬಲ್ಲೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ನಾನು ಭಾರೀ ಕಲಾವಿದ ಎಂದುಕೊಂಡಿದ್ದೆ. ಅದಕ್ಕೆ ತಕ್ಕಂತೆ ಕೂದಲನ್ನೂ ಕುತ್ತಿಗೆಯವರೆಗೆ ಬಿಟ್ಟಿದ್ದೆ. ಹನಕೆರೆಯಲ್ಲಿದ್ದ ನಮ್ಮವ್ವ ನಾನು ಊರಿಗೆ ಹೋದಾಗಲೆಲ್ಲ ಕತ್ತರಿ ಹುಡುಕುತ್ತಿದ್ದಳು. ಮಳವಳ್ಳಿ ಆಚೆಯ ಪೂರಿಗಾಲಿಗೆ ಹೋಗಿ ಸಿದ್ದೇಗೌಡರ ಮಗಳನ್ನು ನೋಡಿಕೊಂಡೂ ಬಂದಿದ್ದೆವು. ಹುಡುಗಿ ಒಂದೇ ಸಲ ತಲೆ ಎತ್ತಿ ನನ್ನ ಕೂದಲನ್ನು ನೋಡಿ, ನಗು ತಡೆದುಕೊಂಡು ಒಳಗೆ ಹೋದಳು. ನನಗಂತೂ ಅಷ್ಟರಲ್ಲೇ ಅವಳ ಮೇಲೆ ಮನಸ್ಸಾಗಿಬಿಟ್ಟಿತ್ತು. ಗೌಡರು ಮಾತ್ರ "ವಿಚಾರ ಮಾಡಿ ಹೇಳಿಕಳುಸ್ತೀವಿ" ಎಂದಿದ್ದರು.

ಹೇಳಿ ಕಳಿಸುವತನಕ ಮನೆಯಲ್ಲಿ ಕೂರಲಾರದೆ, ಬೇಸಿಗೆ ರಜೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಜನ ಅಲ್ಲಿ ಲಾಲ್‌ಬಾಗು, ವಿಧಾನಸೌಧ ನೋಡುತ್ತಾರೆ. ನಾನು ಗೋಡೆ ನೋಡಿದೆ. ಮೆಜೆಸ್ಟಿಕ್ಕಿನಲ್ಲಿ ಸಿನಿಮಾ ನಾಯಕಿಯರ ಒಂದೊಂದು ಕೆನ್ನೆ ನಮ್ಮ ಶಾಲೆಯ ಬಾಗಿಲಿಗಿಂತ ದೊಡ್ಡದಿತ್ತು. ಹತ್ತಿರ ನಿಂತರೆ ಬರೀ ನೇರಳೆ ಬಣ್ಣದ ಮಚ್ಚೆ; ರಸ್ತೆಯ ಆಚೆಗೆ ಹೋಗಿ ನೋಡಿದರೆ ಅದೇ ಮಚ್ಚೆ ನಾಚಿಕೆಯಾಗಿ ಕಾಣುತ್ತಿತ್ತು. ಈ ಚಮತ್ಕಾರ ಪರೀಕ್ಷಿಸಲು ಹತ್ತಾರು ಸಲ ರಸ್ತೆ ದಾಟಿ, ಆಟೋದವರಿಂದ ಚೆನ್ನಾಗಿ ಬೈಸಿಕೊಂಡೆ. ಮಾರ್ಕೆಟ್ಟಿನ ಫುಟ್‌ಪಾತಿನಲ್ಲಿ ಒಬ್ಬಾತ ಬಣ್ಣದ ಸೀಮೆಸುಣ್ಣದಿಂದ ಆಂಜನೇಯನನ್ನು ಬರೆದಿದ್ದ. ಹೂ ಮಾರುವವರು, ಮೂಟೆ ಹೊತ್ತವರು ಎಲ್ಲರೂ ದೇವರನ್ನು ತುಳಿಯದೆ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ನಾನೊಬ್ಬ ಕಲಾರಸಿಕ, ಬಾಲದ ವಯ್ಯಾರ ಸವಿಯುತ್ತ ಹಿಂದೆ ಹಿಂದೆ ಸರಿದು ಗದೆಯನ್ನು ತುಳಿದೆ.

ಅಲ್ಲಿಂದ ತಲೆ ತಪ್ಪಿಸಿಕೊಂಡು ಬಂದು ನಿಂತದ್ದು ಬಸ್ ನಿಲ್ದಾಣದ ಬಳಿಯ ಒಂದು ಗೋಡೆಯೆದುರು. ಏಣಿಯ ಮೇಲಿದ್ದ ಪೇಂಟರೊಬ್ಬ ಕುಟುಂಬ ಯೋಜನೆಯ ಚಿತ್ರ ಬರೆಯುತ್ತಿದ್ದ. ಕೆಂಪು ತ್ರಿಕೋನ, ಹಸಿರು ಸೀರೆಯ ತಾಯಿ, ಒಂದು ಗಂಡು, ಒಂದು ಹೆಣ್ಣು. ಅಪ್ಪನಿಗೆ ಅಂಗಿ ಬಂದಿತ್ತು, ಮುಖ ಇನ್ನೂ ಬಂದಿರಲಿಲ್ಲ. ಪೇಂಟರ್ ತಿರುಗಿ ನನ್ನನ್ನು ಕಂಡವನೇ, "ಸಾರ್, ಹಂಗೇ ನಿಂತ್ಕೊಳ್ಳಿ, ಅಲ್ಲಾಡಬೇಡಿ. ಇಂಥ ಮುಖಾನೇ ಹುಡುಕ್ತಿದ್ದೆ" ಅಂದ.

ನಾನು ಕೂದಲು ನೀವಿಕೊಂಡು, "ಏನಪ್ಪಾ ವಿಶೇಷ ನನ್ನ ಮುಖದಲ್ಲಿ?" ಅಂದೆ.

"ಏನೂ ಇಲ್ಲ ಸಾರ್, ಅದಕ್ಕೇ. ನೋಡಿದೋರಿಗೆ ಎಲ್ಲೋ ನೋಡಿದಂಗೆ ಅನ್ನಿಸ್ಬೇಕು, ಯಾರು ಅಂತ ಗೊತ್ತಾಗ್ಬಾರ್ದು."

ಅದನ್ನು ಹೊಗಳಿಕೆಯೆಂದೇ ತಿಳಿದು ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಂತೆ.

ಊರಿಗೆ ಬಂದು, ಬೆಂಗಳೂರಿನ ಗೋಡೆಯ ಮೇಲೆ ನನ್ನ ಚಿತ್ರವಿದೆ ಎಂದು ಸಿಕ್ಕಿದವರಿಗೆಲ್ಲ ಸಾರಿದೆ. ಯಾವ ಚಿತ್ರ ಎಂಬುದನ್ನು ಮಾತ್ರ ಹೇಳಲಿಲ್ಲ. ಬೆಲ್ಲ ಮಾರಲು ಅಲ್ಲಿಗೆ ಹೋಗಿದ್ದ ನಮ್ಮೂರ ಪುಟ್ಟಸ್ವಾಮಿ ಗೋಡೆಯನ್ನು ಹುಡುಕಿ ನೋಡಿಕೊಂಡೇ ಬಂದ. "ಲೇ, ಮೇಷ್ಟ್ರು ದಿಟವಾಗ್ಲೂ ಅವ್ನೆ ಕಣ್ಲಾ! ಪಕ್ಕದಲ್ಲಿ ಎಂಡ್ರು, ಎರಡು ಮಕ್ಳೂ ಅವ್ರೆ" ಎಂದು ಟೀ ಅಂಗಡಿಯಲ್ಲಿ ಹೇಳಿದನಂತೆ. ಸುದ್ದಿ ಮದ್ದೂರು ದಾಟಿ, ಮಳವಳ್ಳಿ ದಾಟಿ ಪೂರಿಗಾಲಿ ಸೇರುವಷ್ಟರಲ್ಲಿ ಗೋಡೆ ದಾರಿಯಲ್ಲೇ ಉದುರಿಹೋಗಿ ಸಂಸಾರವೊಂದೇ ಉಳಿದಿತ್ತು.

ಒಂದು ದಿನ ಸಿದ್ದೇಗೌಡರು ಸೀದಾ ಶಾಲೆಗೇ ಬಂದರು. "ಏನ್ ಮೇಷ್ಟ್ರೇ, ಬೆಂಗ್ಳೂರಲ್ಲಿ ನಿಮ್ಗೆ ಎಂಡ್ತಿ ಮಕ್ಕಳವ್ರಂತೆ?"

"ಅಯ್ಯೋ ಗೌಡ್ರೇ, ಅದು ಚಿತ್ರ!"

"ಅಂಗಾರೆ ನಡೀರಿ, ತೋರ್ಸಿ."

ರೈಲಿನಲ್ಲಿ ನಾನು ಕಿಟಕಿಯಾಚೆ ನೋಡುತ್ತ, ಆ ಹುಡುಗಿ ನಗು ತಡೆದುಕೊಂಡದ್ದನ್ನು ಮತ್ತೆ ಮತ್ತೆ ನೆನೆಯುತ್ತ, ಎಲ್ಲವೂ ಮುಗಿಯಿತು ಎಂದುಕೊಂಡೆ. ಗೋಡೆಯ ಮುಂದೆ ತಳ್ಳುಗಾಡಿಯಲ್ಲಿ ಬೋಂಡ ಕರಿಯುತ್ತಿದ್ದರು. ಗೌಡರು ಎರಡು ಕೊಂಡು ನನಗೊಂದು ಕೊಟ್ಟರು. ಹೆದರಿಕೆಗೋ ಹಸಿವಿಗೋ ಅದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ಅವರು ಗೋಡೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಗೋಡೆ ನೋಡಿದರು. ಪೇಂಟರ್ ಮುಖವನ್ನು ಸ್ವಲ್ಪ ತುಂಬಿಸಿ, ದಪ್ಪ ಮೀಸೆ ಇಟ್ಟಿದ್ದ. ಅಗಲ ಕಿವಿ ಮಾತ್ರ ನಿಸ್ಸಂದೇಹವಾಗಿ ನನ್ನದೇ.

"ಇದು ನೀವಲ್ಲ ಬುಡಿ ಮೇಷ್ಟ್ರೇ" ಎಂದರು ಗೌಡರು, ಸುತ್ತಲಿನವರಿಗೆಲ್ಲ ಕೇಳುವಂತೆ. "ಈವಯ್ಯ ಲಕ್ಸಣವಾಗವ್ನೆ."

ಬೋಂಡದವನೂ ಗಿರಾಕಿಗಳೂ ಹೋ ಎಂದು ನಕ್ಕರು. ಕಿವಿ ನೋಡಿ ಸ್ವಾಮಿ, ಹುಬ್ಬು ನೋಡಿ, ನಾನೇ ಅದು ಎಂದು ಕಿರುಚಬೇಕೆನಿಸಿತು. ಆದರೆ ಸುಡುಸುಡು ಬೋಂಡ ನುಂಗಲೂ ಆಗದೆ, ದೊಡ್ಡವರೆದುರು ಉಗಿಯಲೂ ಆಗದೆ ಕಣ್ಣಲ್ಲಿ ನೀರು ಬಂತು. ಅದು ಗಂಟಲಿಳಿಯುವಷ್ಟರಲ್ಲಿ ಗೌಡರು ಟವಲು ಹೆಗಲಿಗೆ ಎಸೆದು ಸ್ಟೇಷನ್ನಿನ ಕಡೆ ಹೊರಟಿದ್ದರು. ಮದ್ದೂರಿನಲ್ಲಿ ಇಳಿದಾಗ, "ಒಳ್ಳೆ ದಿನ ನೋಡಿ ಸಾಸ್ತ್ರ ಮುಗಿಸ್ಕಳವ" ಎಂದರು. ಆ ಚಿತ್ರದಷ್ಟು ನಾನು ಚೆನ್ನಾಗಿಲ್ಲದ್ದರಿಂದಲೇ ನನಗೆ ಮದುವೆಯಾಯಿತು ಎಂದು ಇಷ್ಟು ವರ್ಷ ನಂಬಿದ್ದೆ.

ಮೊನ್ನೆ ಬಾಗಿಲಲ್ಲಿ ನಿಂತು ಮಕ್ಕಳು ಬಣ್ಣ ಬಳಿಯುವುದನ್ನು ನೋಡುತ್ತ ನನ್ನವಳು ಮೆಲ್ಲಗೆ ಹೇಳಿದಳು:

"ಅಪ್ಪ ಅವತ್ತು ಮನೆಗೆ ಬಂದು ಏನಂದ್ರು ಗೊತ್ತಾ? 'ಗೋಡೆ ಮ್ಯಾಲಿರೋನು ಅವ್ನೇ ಕಣವ್ವ, ಕಿವಿ ನೋಡುದ್ರೇ ಗೊತ್ತಾಯ್ತದೆ. ನಾಕ್ ಜನದ ಮುಂದೆ ಬೇಕಂತ್ಲೇ ಅವ್ನಲ್ಲ ಅಂದೆ, ಜಗಳಕ್ಕೆ ಬತ್ತಾನೇನೋ ನೋಡವ ಅಂತ. ಕಣ್ಣಲ್ಲಿ ನೀರು ತುಂಬ್ಕಂಡು ಸುಮ್ಕೆ ನಿಂತ್ಕಂಡ. ನಿನಗೋಸ್ಕರ ಅಷ್ಟು ತಡ್ಕಂಡೋನು, ನಿನ್ನ ಚೆನ್ನಾಗಿ ಮಡೀಕತಾನೆ' ಅಂದ್ರು. ಅದ್ನ ಕೇಳೇ ನಾನು ಊಂ ಅಂದಿದ್ದು."

ಹೇಳುತ್ತ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಬಾಯಿ ತೆರೆದೆ. ಈ ಸಲ ಬಾಯಲ್ಲಿ ಏನೂ ಇರಲಿಲ್ಲ. ಆದರೂ ಸುಮ್ಮನೆ ನಿಂತೆ.